ಧರ್ಮತಂದೆಯನ್ನು ಕೇಳಬಾರದ ಮಾತು

ಲುದಿವಿನಾ ಹಾಂಗ್‌ಕಾಂಗಿನಲ್ಲಿ ಒಂಬತ್ತು ವರ್ಷ ಪರರ ಮಕ್ಕಳನ್ನು ಸಾಕಿ ತನ್ನ ಊರು ಇಲೊಯಿಲೊಗೆ ಮರಳಿದ ಸುದ್ದಿ ನೆರೆಮನೆಗೆ ಮುಟ್ಟುವ ಮೊದಲೇ ಎಪಿಫಾನಿಯೋನ ಮೂಗಿಗೆ ಬಡಿದಿತ್ತು. ಮಾರನೆಯ ಸಂಜೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಕ್ಕಿಯ ಸಿಹಿ ಹಿಡಿದು ಬಂದ. ಅವನು ಅವಳ ನಿನೋಂಗ್, ಅಂದರೆ ಧರ್ಮತಂದೆ. ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಅವಳನ್ನು ಎತ್ತಿಕೊಂಡವನು. ಹೀಗೆ ಮನೆಮನೆಯ ಕೂಸುಗಳನ್ನು ಎತ್ತಿಕೊಂಡೇ ಅವನು ಊರಿಗೆಲ್ಲ ಹಣಕಾಸಿನ ಸಲಹೆಗಾರನಾಗಿದ್ದ. ಬೇರೆ ಯಾವ ಯೋಗ್ಯತೆಯೂ ಅವನಿಗೆ ಬೇಕಾಗಿರಲಿಲ್ಲ.

"ನಿನ್ನ ದುಡ್ಡು ಬ್ಯಾಂಕಲ್ಲಿ ನಿದ್ದೆ ಹೊಡೀತಿದೆ ಮಗಳೇ. ನನ್ನ ಕೈಗೆ ಕೊಡು, ವರ್ಷದೊಳಗೆ ದುಪ್ಪಟ್ಟು ಮಾಡ್ತೀನಿ."

ಹೂಂ ಅನ್ನು ಎಂದು ತಾಯಿ ಬಸಿಲಿಯಾ ಕಣ್ಸನ್ನೆ ಮಾಡಿದಳು. ಧರ್ಮತಂದೆಯಿಂದ ರಸೀದಿ ಕೇಳುವುದೆಂದರೆ ಆ ಊರಿನಲ್ಲಿ ಅವನ ಮುಖಕ್ಕೆ ಉಗಿದಂತೆ. ಎಂಥ ಮರ್ಯಾದೆಯೋ! ಕಿವಿರು ಎತ್ತಿ ಮೂಸದೆ ಒಂದು ಮೀನನ್ನೂ ಕೊಳ್ಳದ ಹೆಂಗಸರು, ಜೀವಮಾನದ ಗಳಿಕೆಯನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಿಸುತ್ತಿದ್ದರು.

ಲುದಿವಿನಾಳ ತಂದೆಯೂ ಒಪ್ಪಿಸಿದ್ದ. ಹಡಗಿನ ಕೆಲಸ ಬಿಟ್ಟಾಗ ಬಂದ ಹಣವೆಲ್ಲ ಎಪಿಫಾನಿಯೋನ ಕೈಸೇರಿತು. ಹೋದ ವರ್ಷ ಮೂತ್ರಪಿಂಡ ಕೆಟ್ಟು ಆಸ್ಪತ್ರೆಗೆ ದುಡ್ಡು ಬೇಕಾದಾಗ, "ಅವನೇನು ಹೊರಗಿನವನಾ, ಹೇಗೆ ಕೇಳೋದು" ಎಂದು ನಾಚಿಕೊಂಡೇ ಸತ್ತ. ಕಾಯಿಲೆಯ ವಿಷಯ ಮಗಳಿಗೂ ತಿಳಿಸಲಿಲ್ಲ. ತಿಳಿಸಿದರೆ ದುಡ್ಡೆಲ್ಲಿ ಎಂದು ಕೇಳುತ್ತಾಳಲ್ಲ! ಶವದ ಬಳಿಗೆ ಬಂದ ಹೂಮಾಲೆಗಳಲ್ಲಿ ಎಪಿಫಾನಿಯೋ ಕಳಿಸಿದ್ದೇ ಎಲ್ಲಕ್ಕಿಂತ ದೊಡ್ಡದು. ಬಸಿಲಿಯಾ ಅದನ್ನೇ ಮುಂದಿಟ್ಟು ಹೆಮ್ಮೆಪಟ್ಟಳು.

ಅದೇ ದಿನ ಬೆಳಿಗ್ಗೆ ಲುದಿವಿನಾ ಸಹಕಾರ ಸಂಘದ ಹಣಕಾಸಿನ ಸಲಹೆಗಾರ್ತಿಯನ್ನು ನೋಡಿ ಬಂದಿದ್ದಳು. ಆಕೆ, ಲುದಿವಿನಾ ಕೇಳುವ ಮೊದಲೇ, ತನ್ನ ಪರವಾನಗಿ ತೋರಿಸಿ, ಅದು ನಿಜವೋ ಸುಳ್ಳೋ ಎಲ್ಲಿ ವಿಚಾರಿಸಬೇಕೆಂದು ತಿಳಿಸಿ, ತನ್ನ ಸಂಪಾದನೆ ಎಲ್ಲಿಂದ ಬರುತ್ತದೆಂದೂ ಬಿಡಿಸಿ ಹೇಳಿದ್ದಳು. ದುಪ್ಪಟ್ಟಿನ ಮಾತೇ ಎತ್ತಿರಲಿಲ್ಲ.

"ಅವಳ್ಯಾರೇ? ನಮ್ಮನೇಲಿ ಒಂದು ತುತ್ತು ಉಂಡವಳಾ?" ಎಂದು ಬಸಿಲಿಯಾ ಮೂಗು ಮುರಿದಿದ್ದಳು.

"ಇಲ್ಲಮ್ಮಾ. ಉಂಡವರನ್ನ ನೋಡಿದೀವಲ್ಲ."

ಈಗ ಲುದಿವಿನಾ ಅತಿಥಿಯ ಮುಂದೆ ಕಾಫಿ ಇಟ್ಟು ಕೇಳಿದಳು: "ನಿಮ್ಮ ಪರವಾನಗಿ ತೋರ್ಸಿ ನಿನೋಂಗ್. ಅಪ್ಪನ ದುಡ್ಡು ಎಲ್ಲಿ ಹಾಕಿದ್ರಿ, ಅದನ್ನೂ ಹೇಳಿ."

ಎಪಿಫಾನಿಯೋನ ಮುಖ ಕೆಂಪೇರಿತು. "ಎತ್ತಿ ಆಡ್ಸಿದ ಕೈನೇ ಲೆಕ್ಕ ಕೇಳ್ತೀಯಾ?"

"ಎತ್ತಿಕೊಂಡಿದ್ದು ನನ್ನನ್ನ. ನನ್ನ ಗಂಟನ್ನಲ್ಲ. ಒಂದು ಕಾಸೂ ಕೊಡಲ್ಲ."

ಅವನು ದುರ್ದಾನ ತೆಗೆದುಕೊಂಡವನಂತೆ ಎದ್ದು ಹೊರಟ. ತಂದ ಸಿಹಿಯನ್ನು ಮಾತ್ರ ಮರೆಯದೆ ಎತ್ತಿಕೊಂಡ.

ಬಸಿಲಿಯಾ ಎದೆ ಬಡಿದುಕೊಂಡಳು. "ಮನೆ ಮಾನ ಕಳೆದ್ಯಲ್ಲೇ! ನಿಮ್ಮಪ್ಪ ಸಾಯೋ ತನಕ ಅವರನ್ನ ಒಂದು ಮಾತು ಕೇಳಲಿಲ್ಲ!"

"ಹೂಂ ಅಮ್ಮಾ. ಅದಕ್ಕೇ ಸತ್ತಿದ್ದು."