ಆಂಜಿನಪ್ಪ ಪ್ಲಗ್ ಕಿತ್ತ ಶುಕ್ರವಾರ

ನಲ್ಲೂರಿನ ನಮ್ಮ ಮಹಿಳಾ ಸಂಘದವರು ಹುಣಸೆಹಣ್ಣು ಬಿಡಿಸಿ, ಪೊಟ್ಟಣ ಕಟ್ಟಿ ಮಾರುತ್ತೇವೆ. ಪೊಟ್ಟಣಕ್ಕೆ ಅಂಟಿಸುವ ಚೀಟಿಯನ್ನು ನನ್ನ ಸೊಸೆ ಶಾಮಲಾ ಕಂಪ್ಯೂಟರಿನಲ್ಲಿ ಮಾಡುತ್ತಾಳೆ. ಹೆಸರು, ತೂಕ, ತಾರೀಖು ಇರುವ ಆ ಚೀಟಿ ಇಲ್ಲದಿದ್ದರೆ ದೇವನಹಳ್ಳಿಯ ಮಾರಾಟ ಮೇಳದ ಒಳಗೆ ಬಿಡುವುದಿಲ್ಲ. ಮೂರು ವರ್ಷ ಅರ್ಜಿ ಹಾಕಿದ ಮೇಲೆ ಈ ಸಲ ಮಳಿಗೆ ಸಿಕ್ಕಿತ್ತು. ಮೇಳ ಶನಿವಾರ ಬೆಳಿಗ್ಗೆ.

ಶುಕ್ರವಾರ ಹನ್ನೊಂದು ಗಂಟೆಗೆ ಕಂಪ್ಯೂಟರ್ ತನ್ನಷ್ಟಕ್ಕೆ ಏನನ್ನೋ ಹೊಸದಾಗಿ ಹಾಕಿಕೊಳ್ಳಲು ಶುರುಮಾಡಿತು. ಆರಿಸಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತಂತೆ. ನನ್ನ ಮೈದುನ ಆಂಜಿನಪ್ಪ ಅದನ್ನು ಓದಲಿಲ್ಲ, ಗೋಡೆಯ ಕ್ಯಾಲೆಂಡರ್ ಓದಿದ.

"ಯಮ್ಮೋ, ರಾಹುಕಾಲ! ಯಾವನಮ್ಮ ಇವನು, ರಾಹುಕಾಲ್ದಲ್ಲಿ ಹೊಸದು ಶುರು ಮಾಡೋನು?" ಎನ್ನುತ್ತ ಪ್ಲಗ್ ಕಿತ್ತೇಬಿಟ್ಟ.

ಹನ್ನೆರಡು ದಾಟಿದ ಮೇಲೆ ಊದುಬತ್ತಿ ಬೆಳಗಿ ತಾನೇ ಮತ್ತೆ ಹಾಕಿದ. ನೀಲಿ ಪರದೆ ಬಂದು ನಿಂತಿತು. ಮುಂದಕ್ಕೆ ಹೋಗಲಿಲ್ಲ.

"ತಣ್ಣಗೆ ಚೆನ್ನಾಗೈತಲ್ಲ?" ಎಂದ.

"ಚಿಕ್ಕಮಾವ, ನಮ್ ಚೀಟಿ ಎಲ್ಲಾ ಅದರೊಳಗೇ ಇದಾವೆ!" ಶಾಮಲಾ ಅಳುವುದೊಂದು ಬಾಕಿ.

ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದರೆ, "ಮಿಷಿನ್ ಹಳೇದಮ್ಮಾ, ಈಗಿನ ಸಿಸ್ಟಮ್ ಅದಕ್ಕೆ ಕೂರಲ್ಲ. ಬೇರೆ ಮಿಷಿನ್ ತಗೊಳ್ಳಿ," ಎಂದ.

ಕೊನೆಗೆ ಊರ ಗ್ರಂಥಾಲಯ ನೋಡಿಕೊಳ್ಳುವ ಪ್ರಮೋದಾಳನ್ನು ಕರೆದೆವು. ಅವಳು ಪೆನ್‌ಡ್ರೈವ್ ಹಿಡಿದು ಬಂದಳು.

"ಇದರಲ್ಲಿ ಲಿನಕ್ಸ್ ಐತೆ ಆಂಜಿನಪ್ಪಣ್ಣ. ಕಂಪ್ಯೂಟರ್ ನಡೆಸೋದೇ ಇದು. ಹಳೇ ಮಿಷಿನ್ನಲ್ಲೂ ಓಡುತ್ತೆ. ದುಡ್ಡು ಕೊಡಂಗಿಲ್ಲ."

ಆಂಜಿನಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಹಂಗಾದ್ರೆ ಬ್ಯಾಡ ತಾಯಿ. ಹೋದ ತಿಂಗ್ಳು ಪುಕ್ಕಟೆ ಫ್ರಿಜ್ಜು ಬಂದೈತೆ ಅಂತ ಒಬ್ಬ ಓಟಿಪಿ ಕೇಳ್ದ. ಇದೂ ಅವನ ಕಡೇದೇ!"

"ಇದು ಓಟಿಪಿ ಕೇಳಲ್ಲ. ಇದನ್ನ ಹೆಂಗೆ ಬರೆದವ್ರೆ ಅಂತ ಯಾರು ಬೇಕಾದ್ರೂ ನೋಡ್ಬಹುದು, ತಪ್ಪಿದ್ರೆ ತಿದ್ಬಹುದು, ಇನ್ನೊಬ್ರಿಗೆ ಕೊಡಬಹುದು."

"ಕಷ್ಟಪಟ್ಟು ಮಾಡ್ದೋರು ಸುಮ್ನೆ ಯಾಕಮ್ಮ ಕೊಡ್ತಾರೆ?"

ಹುಣಸೆಬೀಜ ಬಿಡಿಸುತ್ತ ಕೂತಿದ್ದ ನಾನು ಕೇಳಿದೆ: "ಆಂಜಿನಪ್ಪಾ, ನಮ್ಮನೆ ಮೊಸರಿಗೆ ಹೆಪ್ಪು ಎಲ್ಲಿಂದ ಬಂತು?"

"ಸೊಣ್ಣಪ್ಪನೋರ ಮನೆಯಿಂದ."

"ನಾನು ಮದುವೆಯಾಗಿ ಬಂದ ವರ್ಷ ಅವರಮ್ಮ ಒಂದು ಚಮಚ ಕೊಟ್ರು. ಅವರ ಮನೇದು ಕೆಟ್ಟಾಗ ನಾವು ಕೊಟ್ವಿ. ಹೆಪ್ಪಿಗೆ ಯಾರಾದ್ರೂ ಬೀಗ ಹಾಕವ್ರಾ?"

ಆಂಜಿನಪ್ಪ ತಲೆ ಕೆರೆದುಕೊಂಡ. "ಆಗ್ಲಿ. ಮೊದ್ಲು ನೋಡಣ, ಆಮೇಲೆ ಹಾಕಣ."

ಪ್ರಮೋದಾ ಹಾಗೇ ಮಾಡಿದಳು. ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ನಡೆಸಿ ತೋರಿಸಿದಳು. ಒಳಗಿದ್ದ ಚೀಟಿಗಳನ್ನೆಲ್ಲ ಇನ್ನೊಂದು ಪೆನ್‌ಡ್ರೈವಿಗೆ ತೆಗೆದಿಟ್ಟಳು. ಪ್ರಿಂಟರಿನಲ್ಲಿ ಒಂದು ಚೀಟಿ ಹೊರಗೆ ಬಂದ ಮೇಲೆಯೇ ಹಳೆಯ ಸಿಸ್ಟಮ್ ಅಳಿಸಿ ಲಿನಕ್ಸ್ ಹಾಕಿದ್ದು. ಪರದೆಯ ತುಂಬ ಕನ್ನಡ ಬಂತು. ಅದರ ಮೇಲಿನ ಗುಂಡಿಗಳೆಲ್ಲ ಜಾಗ ಬದಲಿಸಿದ್ದವು. ಶಾಮಲಾ ಅರ್ಧ ಗಂಟೆ ತಡಕಾಡಿದಳು. ಚೀಟಿಯ ಅಕ್ಷರ ಒಂಚೂರು ಜರುಗಿತ್ತು, ಸರಿಮಾಡಿದಳು.

ಅಷ್ಟರಲ್ಲಿ, 'ಹೊಸದು ಬಂದಿದೆ, ಈಗ ಹಾಕಲೇ, ಆಮೇಲೆ ಹಾಕಲೇ?' ಎಂದು ಪರದೆ ಕೇಳಿತು.

ಆಂಜಿನಪ್ಪ ಎದ್ದು ನಿಂತ. "ಕೇಳ್ತೈತೆ ನೋಡ್ರಪ್ಪೋ! ಈ ಮನೇಲಿ ನನ್ನ ಕೇಳಿ ಕೆಲ್ಸ ಮಾಡೋದು ಇದೊಂದೇ!"

ಶನಿವಾರ ಇನ್ನೂರು ಪೊಟ್ಟಣಕ್ಕೂ ಚೀಟಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಮೂರು ಉಳಿದಿದ್ದವು. ಅವನ್ನೂ ಮಾರಿಬಿಡುತ್ತಿದ್ದೆವು, ಆದರೆ ಆಂಜಿನಪ್ಪ ಬಂದವರಿಗೆಲ್ಲ ಹುಣಸೆಹಣ್ಣು ಬಿಟ್ಟು ಲಿನಕ್ಸ್ ಹೇಳುತ್ತ ನಿಂತಿದ್ದ.

ಅಕ್ಕಂದಿರೇ, ಹಳೆಯ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಮೂಲೆಗಿಟ್ಟಿದ್ದೀರಾ? ಗುಜರಿಗೆ ಹಾಕುವ ಮೊದಲು ಬಲ್ಲವರೊಬ್ಬರನ್ನು ಕರೆಯಿರಿ. ನಿಮ್ಮ ಫೈಲುಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಪೆನ್‌ಡ್ರೈವಿನಿಂದ ನಡೆಸಿ, ಪ್ರಿಂಟರ್ ಓಡುತ್ತದೆಯೇ ನೋಡಿ, ಹಿಡಿಸಿದರೆ ಲಿನಕ್ಸ್ ಹಾಕಿಸಿಕೊಳ್ಳಿ. ನಾನು ಓದಿದ್ದು ಮೂರನೇ ಕ್ಲಾಸು. ಈಗ ಚೀಟಿಯ ತಾರೀಖನ್ನು ನಾನೇ ಬದಲಾಯಿಸುತ್ತೇನೆ. ನೀವೂ ಒಂದು ಸಲ ಅದರ ಮುಂದೆ ಕೂತು ನೋಡಿ.