ಕಣದ ಮೇಲೆ ಎಷ್ಟು ನೀರು?

ಅಣೆಕಟ್ಟು ಕಟ್ಟಿ ಹೊಳೆಬಾಗಿಲಿನ ಸುತ್ತ ನೀರು ನಿಂತು ಅದು ಮೂರನೆಯ ಬೇಸಿಗೆ. ಗದ್ದೆ ಮುಳುಗಿದ ಎಷ್ಟೋ ಮನೆಯವರು ದೋಣಿ ಮಾಡಿಕೊಂಡಿದ್ದರು. ನೇಗಿಲು ಹಿಡಿದ ಕೈಗೆ ಹುಟ್ಟು ಬಂದಿತ್ತು. ಮೀನೇನೋ ಚೆನ್ನಾಗಿಯೇ ಸಿಗುತ್ತಿತ್ತು. ಆದರೆ ಯುಗಾದಿಯಿಂದೀಚೆಗೆ ಎರಡು ದೋಣಿಗಳು ಒಳಗೆ ಯಾರೂ ಇಲ್ಲದೆ ದಡಕ್ಕೆ ತೇಲಿಬಂದಿದ್ದವು.

ಕನ್ನಮ್ಮನಿಗೆ ಅದೇ ಹೆದರಿಕೆ. ಅವಳ ಗಂಡ ಮಾಸ್ತಪ್ಪ ದಿನಾ ನೀರಿಗಿಳಿಯುವವನು. ಜೊತೆಗೆ ಹುಟ್ಟು ಹಾಕುತ್ತಿದ್ದ ಮೈದುನನಿಗೆ ಜ್ವರ ಬಂದು, ಆವತ್ತು ಅವಳೇ ದೋಣಿ ಹತ್ತಬೇಕಾಯಿತು. ಅವಳಿಗೆ ಈಜು ಬಾರದು. ಸೊಂಟಕ್ಕೆ ಕಟ್ಟಿಕೊಳ್ಳಲು ಒಣ ಸೋರೆಬುರುಡೆ ಬೇಕೆಂದಳು.

ಮಾಸ್ತಪ್ಪ ನಕ್ಕುಬಿಟ್ಟ. ಬುರುಡೆ ಕಟ್ಟಿಕೊಳ್ಳುವುದು ಕೆರೆಯಲ್ಲಿ ಈಜು ಕಲಿಯುವ ಮಕ್ಕಳು. ಅದೂ ಅಲ್ಲದೆ, ಆ ನೀರಿನಡಿ ಇರುವುದು ಅವನದೇ ಊರು.

"ನಮ್ಮ ಗದ್ದೆ ಮೇಲೆ ಹೋಗಕ್ಕೆ ಬುರುಡೆ ಎಂತಕೆ ಮಾರಾಯ್ತಿ? ಅಜ್ಜನ ಕಾಲದಿಂದ ಅನ್ನ ಹಾಕಿದ ಭೂಮಿ ನಮ್ಮನ್ನ ಮುಳುಗಿಸ್ತದಾ?"

ಅತ್ತೆ ಗುತ್ಯಮ್ಮನೂ ಮಗನ ಕಡೆಗೇ. ಆ ದಡದ ಹೆಚ್ಚಿನವರ ನಂಬಿಕೆ ಅದು. ದೋಣಿ ಬಿಡುವ ಮೊದಲು ಮುಳುಗಿದ ಗದ್ದೆಗೆಂದು ಒಂದು ಹಿಡಿ ಭತ್ತ ನೀರಿಗೆ ಹಾಕಿ ಕೈಮುಗಿದರೆ ಆಯಿತು, ಗದ್ದೆ ಕಾಯುತ್ತದೆ ಎನ್ನುತ್ತಿದ್ದರು.

ಅಲ್ಲೇ ಬಲೆ ಬಿಡಿಸುತ್ತ ಕೂತಿದ್ದ ವಾಸಪ್ಪನ ಕಿವಿಗೆ ಇದೆಲ್ಲ ಬಿತ್ತು. ವಾಸಪ್ಪ ಇದೇ ಸೀಮೆಯವನಾದರೂ ಹೊನ್ನಾವರದ ಕಡೆ ಹನ್ನೆರಡು ವರ್ಷ ಕಡಲಿನ ಸಣ್ಣ ದೋಣಿಗಳಲ್ಲಿ ದುಡಿದು ಬಂದವನು. ದಡ ಕಾಣುವಷ್ಟು ದೂರದಲ್ಲೇ ಮೀನು ಹಿಡಿದವನು, ದಡ ಕಾಣುತ್ತಿದ್ದಂತೆಯೇ ಮುಳುಗಿದವರನ್ನೂ ನೋಡಿದವನು. ಅವನು ವಾದಕ್ಕೆ ನಿಲ್ಲಲಿಲ್ಲ. ಇವತ್ತು ತಾನೂ ಬರುತ್ತೇನೆ ಎಂದ. ತನ್ನ ಬುರುಡೆಗಳನ್ನು ತಂದು, ಸೊಂಟಕ್ಕೆ ಕಟ್ಟಿದರೆ ತಲೆ ಕೆಳಗಾಗುತ್ತದೆ, ಕಂಕುಳ ಕೆಳಗೆ ಎದೆಯ ಸುತ್ತ ಕಟ್ಟಬೇಕು ಎಂದು ಕನ್ನಮ್ಮನಿಗೆ ತೋರಿಸಿದ. ತಾನೂ ಕಟ್ಟಿಕೊಂಡ. ಮಾಸ್ತಪ್ಪ ಬೇಡವೆಂದ ಜೋಡಿಯನ್ನು ಉದ್ದನೆಯ ಹಗ್ಗಕ್ಕೆ ಕಟ್ಟಿ ದೋಣಿಯಲ್ಲಿ ಇಟ್ಟ.

ಬೆಳಗಿನ ನೀರು ಕನ್ನಡಿಯಂತಿತ್ತು. ಮಾಸ್ತಪ್ಪ ದೋಣಿ ನಡೆಸುವುದನ್ನು ಕನ್ನಮ್ಮ ಮೊದಲ ಸಲ ನೋಡಿದ್ದು. ಅವನು ಹಳೆಯ ಗಾಡಿದಾರಿಯ ಮೇಲೇ ಹೋಗುತ್ತಿದ್ದ. ಇಲ್ಲಿ ದುರ್ಗಮ್ಮನ ಬಾವಿ, ಇಲ್ಲಿ ಎಡಕ್ಕೆ ತಿರುಗಬೇಕು, ಮುಂದೆ ಭೂತಪ್ಪನ ಹಲಸಿನ ಮರ ಇದೆ ಎನ್ನುತ್ತ, ಕಾಣದ ಊರಿನ ಓಣಿ ಓಣಿಯಲ್ಲಿ ಅವರನ್ನು ಕರೆದೊಯ್ದ. ಅವಳಿಗೆ ಗಂಡನ ಮೇಲೆ ಹೆಮ್ಮೆಯಾಯಿತು. ವಾಸಪ್ಪನೂ ಮೆಚ್ಚಿಕೊಂಡ. ಕಡಲಲ್ಲಿ ಇಂಥ ನೆನಪಿನವನು ಸಿಕ್ಕಿದ್ದರೆ ದೋಣಿಯವರು ತಲೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು ಎಂದ.

ಮಾಸ್ತಪ್ಪನ ಕಣದ ಜಾಗಕ್ಕೆ ಬಂದಾಗ ವಾಸಪ್ಪ ಕೇಳಿದ, "ತಮ್ಮಾ, ನಿನ್ನ ಕಣದ ಮೇಲೆ ಎಷ್ಟು ನೀರಿರಬಹುದು?"

"ಎರಡಾಳು. ಬೇಕಾದ್ರೆ ಮೂರು ಅನ್ನು."

ವಾಸಪ್ಪ ಕಲ್ಲು ಕಟ್ಟಿದ ಇನ್ನೊಂದು ಹಗ್ಗವನ್ನು ಅವನ ಕೈಗೇ ಕೊಟ್ಟ. ಮಾಸ್ತಪ್ಪ ಒಂದು ಮಾರು, ಎರಡು ಮಾರು ಎಂದು ಎಣಿಸುತ್ತ ಇಳಿಬಿಟ್ಟ. ಐದಕ್ಕೆ ಅವನ ದನಿ ಸಣ್ಣಗಾಯಿತು. ಒಂಬತ್ತನೆಯ ಮಾರಿಗೆ ಹಗ್ಗ ಮುಗಿಯಿತು. ಕಲ್ಲು ಇನ್ನೂ ನೆಲ ಮುಟ್ಟಿರಲಿಲ್ಲ.

"ಕಣ ನಿಂದೇ, ಸುಳ್ಳಲ್ಲ" ಎಂದ ವಾಸಪ್ಪ. "ಈ ನೀರು ಮಾತ್ರ ನಮ್ಮ ಯಾರಿಗೂ ಪರಿಚಯ ಇಲ್ಲ."

ಮಾಸ್ತಪ್ಪ ಹಗ್ಗ ಎಳೆದುಕೊಂಡ. ಬುರುಡೆಯನ್ನು ಮಾತ್ರ ಮುಟ್ಟಲಿಲ್ಲ.

ಮಧ್ಯಾಹ್ನ ಬಲೆ ಎತ್ತುವಾಗ ಕೈತುಂಬ ಬಾಳೆಮೀನು. ಅಷ್ಟರಲ್ಲಿ ವಾಸಪ್ಪ ಪಡುವಣದ ಕಡೆ ನೋಡಿದ. ದೂರದಲ್ಲಿ ನೀರಿನ ಮೇಲೆ ಒಂದು ಕಪ್ಪು ಗೆರೆ ಕಂಡಿತು. ಗಾಳಿ ಬರುತ್ತಿದೆ, ಉಳಿದ ಬಲೆ ಬಿಟ್ಟು ದಡ ಸೇರೋಣ ಎಂದ. ಇನ್ನು ನಾಲ್ಕು ಮಾರು ಬಲೆ ತಾನೇ ಎಂದು ಮಾಸ್ತಪ್ಪ ಎದ್ದು ನಿಂತು ಎಳೆಯತೊಡಗಿದ.

ಗಾಳಿ ಬಂದೇಬಿಟ್ಟಿತು. ದೋಣಿ ಗಾಡಿದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು. ಬೇಸಿಗೆಗೆ ನೀರು ಇಳಿದು ಸತ್ತ ಮರವೊಂದರ ತುದಿ ಮೇಲಕ್ಕೆ ಬಂದಿತ್ತು, ಹೊರಗೆ ಕಾಣುವಷ್ಟಲ್ಲ. ಅದು ಅಡಿಗೆ ತಗುಲಿ ದೋಣಿ ವಾಲಿತು. ನಿಂತಿದ್ದ ಮಾಸ್ತಪ್ಪ ನೀರಿಗೆ ಬಿದ್ದ.

ಅವನು ಒಳ್ಳೆಯ ಈಜುಗಾರ. ಆದರೆ ಎರಡೂ ಕಾಲಿಗೆ ಬಲೆ ಸುತ್ತಿಕೊಂಡಿತ್ತು. ಒಮ್ಮೆ ತಲೆ ಕಂಡಿತು, ಮತ್ತೆ ಕಾಣಲಿಲ್ಲ. ಕನ್ನಮ್ಮ ಏಳಹೊರಟಳು.

"ಕೂತ್ಕೋ ತಂಗಿ. ಹಾರಬೇಡ. ಬುರುಡೆ ಎಸಿ, ಹಗ್ಗ ಬಿಡಬೇಡ."

ವಾಸಪ್ಪ ಹುಟ್ಟು ಬಿಡುವಂತಿರಲಿಲ್ಲ. ಬಿಟ್ಟರೆ ದೋಣಿ ಮಗುಚುತ್ತಿತ್ತು. ಕನ್ನಮ್ಮ ಕೂತಲ್ಲಿಂದಲೇ ಎಸೆದಳು. ಮೊದಲ ಸಲ ದೂರ ಬಿತ್ತು. ಎಳೆದುಕೊಂಡು ಮತ್ತೆ ಎಸೆದಳು. ಒಂದು ಕೈ ಮೇಲೆ ಬಂದು ಬುರುಡೆಯನ್ನು ತಬ್ಬಿತು. ಅವಳು ಹಗ್ಗ ಎಳೆದಳು. ಹತ್ತಿರ ಬಂದಾಗ ವಾಸಪ್ಪ ಸೊಂಟದ ಚೂರಿ ತೆಗೆದು ಒಂದೇ ಕೈಯಲ್ಲಿ ಬಲೆ ಕೊಯ್ದು ಹಾಕಿದ. ಅರ್ಧ ಬಲೆ ಹೋಯಿತು, ಬಾಳೆಮೀನೂ ಹೋಯಿತು. ಮಾಸ್ತಪ್ಪ ಉಳಿದ.

ದಡ ಮುಟ್ಟುವವರೆಗೆ ಅವನು ಆ ಬುರುಡೆಯನ್ನು ಕೆಳಗಿಡಲಿಲ್ಲ. ನಡೆದದ್ದನ್ನು ಕನ್ನಮ್ಮನೇ ಅತ್ತೆಗೆ ಹೇಳಿದಳು. ಗುತ್ಯಮ್ಮ ಕೇಳಿ, ಎದ್ದು ಹೋಗಿ, ಬೀಜಕ್ಕೆಂದು ಅಟ್ಟದಲ್ಲಿ ತೂಗುಹಾಕಿದ್ದ ಸೋರೆಕಾಯಿಗಳನ್ನೆಲ್ಲ ಇಳಿಸಿದಳು.

ಎರಡು ದಿನ ಬಿಟ್ಟು ಮಾಸ್ತಪ್ಪ ಮತ್ತೆ ದಡಕ್ಕೆ ಬಂದ. ಎದೆಯ ಸುತ್ತ ಬುರುಡೆ ಇತ್ತು. ಆ ಮುಳುಗಿದ ಹಲಸಿನ ಮರದ ಒಡೆಯ ಭೂತಪ್ಪ ನಾಲ್ಕು ಜನರ ಮುಂದೆ ಕೇಳಿದ, "ಎಂತ ಮಾಸ್ತಪ್ಪ, ಈ ವಯಸ್ಸಿಗೆ ಈಜು ಕಲಿತೀಯಾ?"

"ಈಜು ಬರೋ ಕಾಲಿಗೇ ಬಲೆ ಸುತ್ಕೊಳ್ಳದು ಭೂತಪ್ಪ. ಮನೇಲಿ ಇನ್ನೊಂದು ಜೋಡಿ ಇದೆ. ತಗಂಡು ಹೋಗು."

ಯಾರೂ ನಗಲಿಲ್ಲ. ಭೂತಪ್ಪ ಗುತ್ಯಮ್ಮನ ಮನೆಯ ದಾರಿ ಹಿಡಿದ.

ಹಿನ್ನೀರಿಗೆ ದೋಣಿ ಇಳಿಸುವ ಅಣ್ಣಂದಿರೇ, ಅಕ್ಕಂದಿರೇ, ಹೊಳೆಯಲ್ಲಿ ಈಜಿ ಬೆಳೆದವರು ನೀವು. ನಿಮ್ಮ ಧೈರ್ಯ ದೊಡ್ಡದು. ಆದರೂ ದೋಣಿಯಲ್ಲಿ ಎಷ್ಟು ಜನರೋ ಅಷ್ಟು ಜೋಡಿ ಬುರುಡೆ ಇರಲಿ, ಮೈಗೆ ಕಟ್ಟಿರಲಿ. ಒಂದು ಉದ್ದ ಹಗ್ಗ, ಒಂದು ಚೂರಿ ಕೈಗೆ ಸಿಗುವಂತಿರಲಿ. ದೋಣಿಯಲ್ಲಿ ನಿಲ್ಲಬೇಡಿ. ಗಾಳಿಯ ಗೆರೆ ಕಂಡರೆ ಬಲೆಯನ್ನು ಬಿಟ್ಟು ಬನ್ನಿ. ಬಿದ್ದವರ ಹಿಂದೆ ಹಾರಬೇಡಿ, ತೇಲುವುದನ್ನು ಎಸೆಯಿರಿ.

ಮೀನು ನಾಳೆಯೂ ಸಿಗುತ್ತದೆ. ನೀವು ಇವತ್ತು ಮನೆಗೆ ಬನ್ನಿ.