ಟಾರ್ಗೆಟ್ ಮೀರಿದ ಕಿಡ್ನಿ

ಸಿದ್ಧ ಉಡುಪಿನ ಕಾರ್ಖಾನೆಯ ಸೂಪರ್‌ವೈಸರನಿಗೆ ದೊಡ್ಡ ಅಂಕಿ ಕಂಡರೆ ಸಾಕು, ಕೈ ತಾನಾಗಿ ಯಾರದೋ ಬೆನ್ನು ತಟ್ಟಲು ಹೊರಡುತ್ತದೆ. ಟಾರ್ಗೆಟ್‌ಗಿಂತ ಹೆಚ್ಚು ಹೊಲಿದವಳು ಜಾಣೆ, ಕಡಿಮೆ ಹೊಲಿದವಳು ಸೋಮಾರಿ; ಮೂರನೆಯ ಬಗೆಯವರನ್ನು ಅವನು ಕಂಡೇ ಇಲ್ಲ. ಹಾಗಾಗಿ ಅವನ ಕಿಡ್ನಿಗಳು ರಕ್ತ ಸೋಸುವ ಲೆಕ್ಕ ಮಾಮೂಲಿಗಿಂತ ಹೆಚ್ಚು ಬಂದಿದೆ ಎಂದು ನರ್ಸ್ ಹೇಳಿದ್ದೇ ತಡ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಹೆಂಡತಿಗೆ ಫೋನು ಹಚ್ಚಿದ.

“ಒಂದನ್ನ ತಂಗಿಗೆ ಕೊಟ್ರೂ ನನಗೇನೂ ಆಗಲ್ಲ ಕಣೇ. ಎರಡೂ ಓವರ್‌ಟೈಮ್ ಮಾಡ್ತಿವೆ!”

ತಂಗಿಯ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ಅವಳ ರಕ್ತವನ್ನು ಈಗ ಯಂತ್ರ ಸೋಸುತ್ತಿತ್ತು. ಮನೆಯವರಲ್ಲಿ ಅವಳಿಗೆ ಹೊಂದುವವನು ಇವನೊಬ್ಬನೇ.

ಡಾಕ್ಟರಮ್ಮ ಮಾತ್ರ ವರದಿ ನೋಡಿ ಮುಖ ಸಪ್ಪಗೆ ಮಾಡಿಕೊಂಡರು.

“ನಿಮ್ಮ ಬಿಪಿ ಪ್ರತಿ ಸಲವೂ ಮೇಲೇ ಇದೆ. ಶುರುವಿನಲ್ಲಿ ಕೆಲವರಿಗೆ ಹೀಗಾಗುತ್ತೆ. ಕಿಡ್ನಿ ಅತಿಯಾಗಿ ದುಡಿಯುತ್ತೆ, ಲೆಕ್ಕ ಚೆನ್ನಾಗಿ ಕಾಣುತ್ತೆ. ಆಮೇಲೆ ಸೋತು ಕೂರುತ್ತೆ. ಈಗಲೇ ಮೂತ್ರದಲ್ಲಿ ಸ್ವಲ್ಪ ಪ್ರೋಟೀನ್ ಸೋರ್ತಿದೆ. ನಿಮ್ಮಿಂದ ಕಿಡ್ನಿ ತಗೊಳ್ಳೋಕಾಗಲ್ಲ.”

“ಬಿಪಿಯಿಂದ ಕಿಡ್ನಿ ಕೆಟ್ಟಿದ್ದೋ, ಕಿಡ್ನಿಯಿಂದ ಬಿಪಿ ಬಂದಿದ್ದೋ?”

“ಬಿಡಿಸಿ ಹೇಳೋದು ಕಷ್ಟ. ಒಂದನ್ನೊಂದು ಎಳ್ಕೊಂಡು ಹೋಗ್ತವೆ.”

ಅವನು ವರದಿಯನ್ನು ಕೈಗೆತ್ತಿಕೊಂಡ. ಚೆನ್ನಾಗಿ ಕೆಲಸ ಮಾಡುವುದೇ ಕಾಯಿಲೆ ಎಂದರೆ ಯಾರಿಗೆ ಅರ್ಥವಾದೀತು? ಮೈಯಲ್ಲಿ ನೋವಿಲ್ಲ, ಊಟ ಸೇರುತ್ತದೆ, ಮಲಗಿದರೆ ಕೊರಡಿನಂತೆ ನಿದ್ದೆ. ವರದಿ ಅದಲುಬದಲಾಗಿರಬೇಕೆಂದು ಹೆಸರು ಓದಿದ. ಅವನದೇ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ, ಆಗಲೂ ಅವನದೇ.

ತಂಗಿಯ ಹಾಸಿಗೆಯ ಬಳಿ ಹೋಗಿ ವಾದಕ್ಕೆ ನಿಂತ. “ಬೇರೆ ಕಡೆ ತೋರಿಸೋಣ. ಇವರಿಗೆ ತಲೆಬುಡ ಗೊತ್ತಿಲ್ಲ. ಜಾಸ್ತಿ ಇದ್ರೆ ಒಳ್ಳೇದೇ ತಾನೇ?”

ಅವಳು ಯಂತ್ರದ ಕೊಳವೆಗಳು ಅಲುಗದ ಹಾಗೆ ಮೆಲ್ಲಗೆ ಅವನತ್ತ ತಿರುಗಿದಳು.

“ನನಗೂ ಮೊದಲು ಜಾಸ್ತೀನೇ ಬಂದಿತ್ತು ಅಣ್ಣ. ಆಗ ಬಿಪಿ ಮಾತ್ರೆ ಬರೆದುಕೊಟ್ಟಿದ್ರು. ‘ಕಿಡ್ನಿ ಫಸ್ಟ್ ಕ್ಲಾಸಾಗಿದೆ, ಮಾತ್ರೆ ಯಾಕೆ ನುಂಗ್ತೀಯ’ ಅಂದೆಯಲ್ಲ ನೀನು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಉತ್ತರ ಕೊಡಲು ಬರುತ್ತಿತ್ತು. ಅಂದದ್ದು ನಿಜ. ನಗುನಗುತ್ತಾ ಅಂದಿದ್ದ, ಬೆನ್ನನ್ನೂ ತಟ್ಟಿದ್ದ. ಸ್ಟೂಲನ್ನು ಹಾಸಿಗೆಯ ಹತ್ತಿರಕ್ಕೆ ಎಳೆದು ಕೂತ.

ತಪ್ಪಾಯ್ತು ಅನ್ನಬೇಕಿತ್ತು. ನಿನಗೆ ಇನ್ಯಾರು ಕೊಡ್ತಾರೆ ಎಂದಾದರೂ ಕೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆಯೇ.

“ಹಾಗಾದ್ರೆ ನನಗೆಷ್ಟು ವರ್ಷ ಇದೆ?”

ಕೇಳಿದ ಮೇಲೆ ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ತಂಗಿ ಸೂಜಿ ಚುಚ್ಚಿರದ ಕೈಯನ್ನು ಚಾಚಿ ಅವನ ಮಣಿಕಟ್ಟು ಹಿಡಿದಳು.

“ಹೆದರಬೇಡ,” ಎಂದಳು. “ನಿನಗಿನ್ನೂ ಟೈಮಿದೆ.”